ಹೊಳೆಗೂ ಒಬ್ಬ ನೀರುಗಂಟಿ ಬೇಕು

ಮಂಡ್ಯ ಜಿಲ್ಲೆಯ ಕೊತ್ತತ್ತಿ ಹೋಬಳಿಯ ರೈತರಿಗೆ ನೀರುಗಂಟಿ ಎಂದರೆ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಮೊದಲು ತಿಳಿಸುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದಿಂದಲೇ ಅವನಿಗೆ ಪಾಲು ಸಲ್ಲುತ್ತಿತ್ತು. ನೀರು ಎಲ್ಲರದು, ಆದರೆ ಅದನ್ನು ಕಾಯಲು ಒಬ್ಬ ಗೊತ್ತಾದ ಮನುಷ್ಯ ಬೇಕು, ಅವನ ಹೊಟ್ಟೆಪಾಡನ್ನು ಊರು ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿತ್ತು. ಕೆರೆಗೂ ನಾಲೆಗೂ ಹೀಗೆ ಕಾವಲಿಟ್ಟ ನಾವು ಹೊಳೆಗೆ ಮಾತ್ರ ಯಾರನ್ನೂ ಇಡಲಿಲ್ಲ. ಅದರ ಫಲ ಇಂದು ಕಾವೇರಿ ಮತ್ತು ಶಿಂಷೆಯ ದಡದಲ್ಲಿ ಕಾಣುತ್ತಿದೆ. ಒಂದು ಕಡೆ ಸಿಡಿಮದ್ದು, ವಿಷ, ಕರೆಂಟ್ ತಂತಿ, ಸಣ್ಣ ಕಣ್ಣಿನ ಬಲೆ ಬಳಸಿ ನಡೆಯುವ ಅಕ್ರಮ ಮೀನುಗಾರಿಕೆ. ಇನ್ನೊಂದು ಕಡೆ ಪ್ಲಾಸ್ಟಿಕ್, ಮದ್ಯದ ಬಾಟಲಿ, ಹಳೆ ಬಟ್ಟೆಗಳ ರಾಶಿ. ಮೊದಲನೆಯದನ್ನು ಮೀನುಗಾರಿಕೆ ಇಲಾಖೆಯ ತಲೆಗೆ, ಎರಡನೆಯದನ್ನು ಪಂಚಾಯಿತಿಯ ತಲೆಗೆ ಕಟ್ಟಿ ಇವೆರಡು ಬೇರೆ ಬೇರೆ ದೂರುಗಳೆಂದು ನಾವು ನಂಬಿದ್ದೇವೆ. ನಿಜದಲ್ಲಿ ಎರಡರ ಬೇರೂ ಒಂದೇ. ಹೊಳೆಯ ದಡದಲ್ಲಿ ನಿಂತು ‘ಬೇಡ’ ಎನ್ನುವ ಅಧಿಕಾರವಿರುವ ಮನುಷ್ಯನೇ ಅಲ್ಲಿಲ್ಲ.

ಎರಡೂ ಒಂದೇ ಎನ್ನುವುದಕ್ಕೆ ಒಂದು ಹರಿದ ನೈಲಾನ್ ಬಲೆಯೇ ಸಾಕ್ಷಿ. ಬೇಸಿಗೆಯಲ್ಲಿ ನೀರು ಇಳಿದಾಗ ದಡದ ಮರಗಳ ಬೇರುಗಳಿಗೆ, ಬಂಡೆಯ ಸಂದುಗಳಿಗೆ ಸುತ್ತಿಕೊಂಡ ಇಂಥ ಬಲೆಗಳು ಹೊರಗೆ ಕಾಣುತ್ತವೆ. ಹಿಂದಿನ ನೂಲಿನ ಬಲೆ ಹರಿದರೆ ಮೀನುಗಾರ ಕೂತು ಹೆಣೆಯುತ್ತಿದ್ದ, ಕೈಮೀರಿದರೆ ಅದು ಕೊಳೆತು ಮಣ್ಣಾಗುತ್ತಿತ್ತು. ನೈಲಾನ್ ಬಲೆ ಕೊಳೆಯುವುದಿಲ್ಲ. ಬಿಸಾಡಿದ ಮೇಲೂ ಅದು ಮೀನು ಹಿಡಿಯುತ್ತಲೇ ಇರುತ್ತದೆ. ಆಮೆ, ನೀರುನಾಯಿ, ನೀರುಕಾಗೆಗಳ ಕಾಲು ಕುತ್ತಿಗೆಗಳಿಗೆ ಉರುಳಾಗುತ್ತದೆ. ಅಕ್ರಮ ಮೀನುಗಾರಿಕೆಯ ಉಪಕರಣವೇ ಮರುದಿನ ಹೊಳೆಯ ಕಸ, ಆ ಕಸವೇ ಮತ್ತೆ ಬಲೆ. ಸಿಡಿಮದ್ದಿನ ಕತೆ ಇನ್ನೂ ಕ್ರೂರ. ಜಿಲೆಟಿನ್ ಕಡ್ಡಿ ನೀರಿನೊಳಗೆ ಸಿಡಿದಾಗ ಎದ್ದ ಒತ್ತಡಕ್ಕೆ ಮೀನಿನ ಒಡಲೊಳಗಿನ ಗಾಳಿಚೀಲ ಒಡೆಯುತ್ತದೆ. ಗಾಳಿಚೀಲ ಒಡೆದ ಮೀನುಗಳಲ್ಲಿ ಬಹಳಷ್ಟು ಮೇಲೆ ತೇಲದೆ ತಳಕ್ಕೆ ಮುಳುಗುತ್ತವೆ. ಮದ್ದು ಹಾಕಿದವನು ಚೀಲಕ್ಕೆ ತುಂಬಿಕೊಳ್ಳುವುದು ಸತ್ತದ್ದರಲ್ಲಿ ಒಂದು ಪಾಲನ್ನು ಮಾತ್ರ. ಉಳಿದವು ಮಡುವಿನ ತಳದಲ್ಲಿ ಕೊಳೆಯುತ್ತವೆ. ಮೊಟ್ಟೆ, ಮರಿ, ಮೀನಿಗೆ ಆಹಾರವಾಗುವ ಹುಳುಹುಪ್ಪಟೆ ಎಲ್ಲವೂ ಅದರ ಜೊತೆಗೆ ಹೋಗುತ್ತವೆ. ಬ್ಲೀಚಿಂಗ್ ಪುಡಿ ಸುರಿದರೂ ಹಾಗೆಯೇ, ಕರೆಂಟ್ ಹಾಯಿಸಿದರೂ ಹಾಗೆಯೇ: ಬೇಕಾದ ಮೀನು, ಬೇಡದ ಮೀನು ಎಂಬ ಆಯ್ಕೆ ಅಲ್ಲಿಲ್ಲ. ಬಲೆ ಬೀಸುವವನು ಫಲ ಕೀಳುತ್ತಾನೆ, ಮದ್ದು ಹಾಕುವವನು ಮರವನ್ನೇ ಕಡಿಯುತ್ತಾನೆ.

ಸರ್ಕಾರ ಪ್ರತಿವರ್ಷ ಮೀನುಮರಿ ಬಿಡುತ್ತದೆ, ಸತ್ತಷ್ಟನ್ನು ಮತ್ತೆ ತುಂಬಿದರಾಯಿತು ಎನ್ನುವವರಿದ್ದಾರೆ. ಈ ಮಾತಿಗೆ ಉತ್ತರ ನಮ್ಮ ಜಿಲ್ಲೆಯ ಅಂಚಿನಲ್ಲೇ ಇದೆ. ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ, ಬೆನ್ನು ಗೂನಾದ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಮೀನು ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ, ಅದರ ಕೆಳಗಿನ ಗಾಳಿಬೋರೆಯ ಮಡುಗಳಿಗೆ ದೇಶವಿದೇಶದ ಗಾಳಗಾರರನ್ನು ಕರೆತಂದಿತ್ತು. ಹಿಡಿದು, ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುವುದು ಅಲ್ಲಿನ ಗಾಳಗಾರರ ಶಿಬಿರಗಳ ನಿಯಮವಾಗಿತ್ತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ತೆರೆದು ನೋಡಿದಾಗ, ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿದ್ದರೂ ಗೂನುಬೆನ್ನಿನ ಮೂಲ ಮೀನು ಕಾಣೆಯಾಗುತ್ತ ಬಂದಿತ್ತು. ಅದರ ಜಾಗಕ್ಕೆ ಬಂದದ್ದು ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಮೂಲ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಅಪಾಯದ ಸಾಲಿಗೆ ಸೇರಿತು. ಮರಿ ತಂದು ಸುರಿದರೆ ಹೊಳೆ ತುಂಬೀತು, ಆದರೆ ಕಳೆದುಹೋದ ಮೀನು ಮರಳಿ ಬಾರದು. ಈ ನಷ್ಟ ನಮ್ಮ ಕಣ್ಣಿಗೆ ಬಿದ್ದದ್ದು ದಿನವೂ ಮಡುವಿನ ಬಳಿ ಯಾರೋ ಕೂತು ಲೆಕ್ಕ ಬರೆದಿಟ್ಟಿದ್ದರಿಂದ ಎಂಬುದನ್ನೂ ಮರೆಯಬಾರದು.

ಕಸದ ವಿಷಯಕ್ಕೆ ಬಂದರೆ, ಕಾವೇರಿ ದಡದ ಮುತ್ತತ್ತಿಯನ್ನು ನೋಡಬೇಕು. ಸೀತಮ್ಮನ ಮೂಗುತಿಯ ಮುತ್ತು ಹೊಳೆಗೆ ಬಿದ್ದಾಗ ಹನುಮಂತ ಅದನ್ನು ಎತ್ತಿಕೊಟ್ಟನೆಂದು ಅಲ್ಲಿನ ದೇವರಿಗೆ ಮುತ್ತೆತ್ತರಾಯ ಎಂದು ಹೆಸರು. ಅದೇ ದಡದಲ್ಲಿ ಇಂದು ಬಾಡೂಟ ಮುಗಿಸಿ ಎದ್ದವರ ಹಿಂದೆ ಉಳಿಯುವುದು ಪ್ಲಾಸ್ಟಿಕ್ ಲೋಟ, ತಟ್ಟೆ, ಮಸಾಲೆ ಪೊಟ್ಟಣ, ಒಡೆದ ಬಾಟಲಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದವರು ಉಟ್ಟ ಬಟ್ಟೆಯನ್ನೂ ನೀರಿಗೇ ಬಿಡುತ್ತಾರೆ. ಇಲ್ಲೊಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ: ಊರೂರಿನ ಚರಂಡಿ, ಕಾರ್ಖಾನೆಗಳ ತ್ಯಾಜ್ಯವೇ ಹೊಳೆಗೆ ಹರಿಯುತ್ತಿರುವಾಗ ಬಡವನ ಬಾಡೂಟದ ಲೋಟವನ್ನು ಹಿಡಿದು ಜಗ್ಗುವುದೇಕೆ? ಮಾತಿನ ಮೊದಲ ಭಾಗ ನೂರಕ್ಕೆ ನೂರು ಸತ್ಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದಾದ್ಯಂತ ಗುರುತಿಸಿದ 351 ಕಲುಷಿತ ನದಿಪಾತ್ರಗಳಲ್ಲಿ 17 ಕರ್ನಾಟಕದವು. ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯೂ ಯಡಿಯೂರಿನಿಂದ ಹಲಗೂರಿನವರೆಗಿನ ಶಿಂಷೆಯೂ ಆ ಪಟ್ಟಿಯಲ್ಲಿವೆ. ಪಟ್ಟಣಗಳ ಕೊಳಚೆಯನ್ನು ಶುದ್ಧೀಕರಿಸದೆ ಹೊಳೆಗೆ ಬಿಡುವುದು ದೊಡ್ಡ ತಪ್ಪು, ಅದಕ್ಕೆ ಹೊಣೆ ಸರ್ಕಾರ ಮತ್ತು ನಗರಾಡಳಿತ. ಆದರೆ ದೊಡ್ಡ ತಪ್ಪು ಸಣ್ಣ ತಪ್ಪಿಗೆ ರಹದಾರಿಯಾಗಬಾರದು. ಮೇಲಾಗಿ ಚರಂಡಿಯ ಬಾಯಿ ಎಲ್ಲಿದೆ, ಯಾವ ರಾತ್ರಿ ನೀರಿನ ಬಣ್ಣ ಬದಲಾಯಿತು ಎಂದು ಮೊದಲು ತಿಳಿಯುವುದು ದಡದಲ್ಲೇ ಇರುವವನಿಗೆ. ಲೋಟ ಬಿಸಾಡಬೇಡಿ ಎನ್ನಲು ನೇಮಕವಾದ ಕಾವಲುಗಾರನೇ ಕೊಳಚೆಯ ವಿರುದ್ಧವೂ ಮೊದಲ ಸಾಕ್ಷಿ.

ಊರು ಕಾದರೆ ಏನಾಗುತ್ತದೆ, ಊರಷ್ಟೇ ಕಾದರೆ ಏಕೆ ಸಾಲದು, ಎರಡನ್ನೂ ಕಲಿಸುವುದು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಶಿಂಷೆಯ ಸಮೀಪದ ಆ ಊರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹಕ್ಕಿಗಾಗಿ ಹುಣಸೆ ಫಸಲು ಬಿಟ್ಟುಕೊಟ್ಟ ಮರದ ಒಡೆಯರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಇಷ್ಟೆಲ್ಲ ಅಕ್ಕರೆಯ ನಡುವೆಯೂ 2017ರ ಕೊನೆಯಿಂದ ಕೆಲವೇ ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಡಲ ತುಂಬ ದುಂಡುಹುಳು; ಆ ಹುಳು ಹಕ್ಕಿಯ ಒಡಲು ಸೇರುವುದು ಅದು ತಿಂದ ಮೀನಿನಿಂದ. ಮರವನ್ನು ಊರು ಕಾಯಿತು, ಆದರೆ ಹಕ್ಕಿ ಉಣ್ಣುವ ಕೆರೆ ಹೊಳೆಗಳನ್ನು ಕಾಯಲು ಯಾರೂ ಇರಲಿಲ್ಲ. ಮೀನು, ನೀರು, ಕಸ, ಹಕ್ಕಿ ಇವುಗಳನ್ನು ಇಲಾಖೆಗಳ ಕಡತದಲ್ಲಿ ಬೇರೆ ಮಾಡಬಹುದು, ಹೊಳೆಯಲ್ಲಿ ಬೇರೆ ಮಾಡಲಾಗದು.

ಕಾನೂನು ಇದೆಯಲ್ಲ, ಪೊಲೀಸರೇ ನೋಡಿಕೊಳ್ಳಲಿ ಎಂಬುದು ಮತ್ತೊಂದು ಉತ್ತರ. ಕಾನೂನಿಗೆ ನಮ್ಮಲ್ಲಿ ಎಂದೂ ಬರವಿರಲಿಲ್ಲ. ನೀರಿಗೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು 1897ರ ಕಾಯ್ದೆಯೇ ಅಪರಾಧವೆಂದಿತು. ಅದಕ್ಕೆ ಎರಡು ತಿಂಗಳವರೆಗಿನ ಸಜೆ ಇಲ್ಲವೇ 200 ರೂಪಾಯಿವರೆಗಿನ ದಂಡ ಎಂದು ಬರೆಯಿತು. ಕರ್ನಾಟಕ 1996ರಲ್ಲಿ ತನ್ನದೇ ಒಳನಾಡು ಮೀನುಗಾರಿಕೆ ಕಾಯ್ದೆ ಮಾಡಿತು. ಪ್ಲಾಸ್ಟಿಕ್ ಚೀಲ, ಲೋಟ, ತಟ್ಟೆಗಳನ್ನು ರಾಜ್ಯ 2016ರಲ್ಲಿ ನಿಷೇಧಿಸಿತು; ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಆದರೂ ಮದ್ದು ಸಿಡಿಯುತ್ತಿದೆ, ಲೋಟ ತೇಲುತ್ತಿದೆ. ಮದ್ದು ಸಿಡಿದ ಹತ್ತು ನಿಮಿಷದಲ್ಲಿ ಮೀನು ಆಯ್ದುಕೊಂಡು ಹೋಗುವವನನ್ನು ತಾಲ್ಲೂಕು ಕೇಂದ್ರದಿಂದ ಬರುವ ಜೀಪು ಹಿಡಿಯಲಾರದು. ಮೂಲಕ್ಕೆ ಕೈ ಹಾಕುವುದಾದರೆ ಜಿಲೆಟಿನ್ ಹೊರಬರುವ ಕಲ್ಲುಗಣಿಗಳಿಗೆ ಹಾಕಬೇಕು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಸ್ಫೋಟಗಳು ಈ ಸರಕಿನ ಲೆಕ್ಕ ಎಷ್ಟು ಸಡಿಲವೆಂದು ಜೀವಗಳ ಬೆಲೆ ತೆತ್ತು ತೋರಿಸಿದವು. ಗಣಿಗೆ ಹೋದ ಪ್ರತಿ ಕಡ್ಡಿಗೂ ಲೆಕ್ಕ ಕೇಳಿದರೆ ಹೊಳೆಗೆ ಬೀಳುವ ಕಡ್ಡಿಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಮೀನು ಹಿಡಿಯುವವರು ಬಡವರು, ಅವರ ಅನ್ನಕ್ಕೆ ಕಲ್ಲು ಹಾಕಬೇಡಿ ಎಂಬ ಮಾತು ಇವೆಲ್ಲಕ್ಕಿಂತ ತೂಕದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಯಾವ ಬಡವನ ಮಾತು ಆಡುತ್ತಿದ್ದೇವೆ ಎಂದು ಕೇಳಬೇಕು. ತೆಪ್ಪ, ಬೀಸುಬಲೆ, ಗಾಳ ನಂಬಿದ ಮೀನುಗಾರ ಪರವಾನಗಿ ಪಡೆಯುತ್ತಾನೆ, ಸಹಕಾರ ಸಂಘಕ್ಕೆ ಷೇರು ಕಟ್ಟುತ್ತಾನೆ, ಮರಿ ದೊಡ್ಡದಾಗಲೆಂದು ಕಾಯುತ್ತಾನೆ. ಅವನು ಆರು ತಿಂಗಳು ಕಾದ ಮಡುವನ್ನು ಮದ್ದಿನವನು ಒಂದು ರಾತ್ರಿಯಲ್ಲಿ ಬರಿದು ಮಾಡುತ್ತಾನೆ. ಮುಂಗಾರಿನ ಹೊಸ ನೀರಿಗೆ ಮೊಟ್ಟೆಯಿಡಲು ಏರಿ ಬರುವ ಗೆಂಡೆಯನ್ನು ಸಣ್ಣ ಕಣ್ಣಿನ ಬಲೆ ಬಸಿರಿನಲ್ಲೇ ಹಿಡಿದರೆ ಮುಂದಿನ ವರ್ಷ ಖಾಲಿ ಬಲೆ ಎಳೆಯುವವನೂ ಅದೇ ಬಡ ಮೀನುಗಾರ. ಅಕ್ರಮವನ್ನು ತಡೆಯುವುದು ಬಡವನ ವಿರುದ್ಧದ ಕೆಲಸವಲ್ಲ, ಅವನ ಹೊಟ್ಟೆಯ ಪರವಾದ ಕೆಲಸ.

ಹಾಗಾದರೆ ಹೊಳೆಯ ನೀರುಗಂಟಿ ಯಾರಾಗಬೇಕು? ಹೊಸ ಇಲಾಖೆಯೂ ಬೇಡ, ಹೊಸ ಕಾಯ್ದೆಯೂ ಬೇಡ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿಗೆ ಜೀವ ತುಂಬಿ, ಸ್ಥಳೀಯ ಮೀನುಗಾರರ ಸಂಘದಿಂದಲೇ ಕಾವಲುಗಾರರನ್ನು ಆರಿಸಿ, ತಿಂಗಳ ಸಂಬಳ ಕೊಟ್ಟು, ದೂರು ಬರೆದುಕೊಳ್ಳುವ, ಬಲೆ ವಶಪಡಿಸಿ ಇಲಾಖೆಗೆ ಒಪ್ಪಿಸುವ ಅಧಿಕಾರ ಕೊಡಬೇಕು. ಪ್ರವಾಸಿಗರು ಬರುವ ಕಡೆ ಬಾಟಲಿಗೆ ಠೇವಣಿ ಇಡಬೇಕು. ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಸೂಚನೆಯಂತೆ 2022ರಿಂದ ಪ್ರತಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದಾಗ ಹಿಂತಿರುಗಿಸಲಾಗುತ್ತಿದೆ. ಮಳವಳ್ಳಿ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ಅದು ಆಗದಿರಲು ಕಾರಣವಿಲ್ಲ. ಊರಿನವರು ಊರಿನವರನ್ನು ಹಿಡಿದುಕೊಟ್ಟಾರೆಯೇ, ನೆಂಟಸ್ತನ ಅಡ್ಡ ಬಂದೀತಲ್ಲ ಎಂಬ ಅನುಮಾನ ಸಹಜ. ಆದರೆ ಇದೇ ಕಾವೇರಿಯ ಮೇಲ್ಭಾಗದ ರಾಮನಾಥಪುರದಲ್ಲಿ ದೇವಸ್ಥಾನದ ಮುಂದಿನ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ; ಕಾಯುತ್ತಿರುವುದು ಊರಿನ ಕಟ್ಟುಪಾಡು. ಭಕ್ತಿಯೊಂದೇ ಸಾಲದೆಂಬುದನ್ನು ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಹೇಳುತ್ತದೆ: 1996ರಲ್ಲಿ ಅಲ್ಲಿನ ದೇವರ ಮೀನುಗಳಿಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಕಟ್ಟುಪಾಡಿನ ಜೊತೆಗೆ ಕಾವಲು, ಕಾವಲಿನ ಜೊತೆಗೆ ಸಂಬಳ, ಸಂಬಳದ ಜೊತೆಗೆ ಲೆಕ್ಕ ಇರಬೇಕು.

ಕೊತ್ತತ್ತಿಯಂಥ ನಾಲೆಯ ಊರಿಗೆ ಹೊಳೆ ದೂರ, ಇದು ನಮ್ಮ ತಲೆನೋವಲ್ಲ ಎಂದು ಯಾರೂ ಭಾವಿಸಬಾರದು. ಈ ಜಿಲ್ಲೆಯ ಯಾವ ಊರಿನ ಹಳ್ಳಕ್ಕೆ ಎಸೆದ ಪೊಟ್ಟಣವಾದರೂ ಮಳೆಗಾಲದಲ್ಲಿ ಶಿಂಷೆಯನ್ನೋ ಕಾವೇರಿಯನ್ನೋ ಹುಡುಕಿಕೊಂಡೇ ಹೋಗುತ್ತದೆ. ಗದ್ದೆಗೆ ಬರುವ ನೀರಿನ ಸರದಿ ಒಂದು ಗಂಟೆ ತಪ್ಪಿದರೆ ನಾವು ನಾಲೆಯ ಮೇಲೆ ನಿಂತು ನ್ಯಾಯ ಕೇಳುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ಅದೇ ಗಟ್ಟಿ ದನಿಯಲ್ಲಿ ಒಂದು ಪ್ರಶ್ನೆ ಕೇಳೋಣ: ನಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ, ಕಳೆದ ಸಭೆ ಎಂದು ನಡೆಯಿತು, ನಮ್ಮ ಹಳ್ಳ ಕೆರೆಗಳನ್ನು ಕಾಯುತ್ತಿರುವವರು ಯಾರು? ಆ ಪ್ರಶ್ನೆಗೆ ಒಂದು ಹೆಸರು ಉತ್ತರವಾಗಿ ಬರುವವರೆಗೆ ಕೇಳುತ್ತಲೇ ಇರಬೇಕು.