ಅಂಗಸೌಷ್ಠವ ದುಡಿಮೆಗೆ ಸಾಕ್ಷಿಯಲ್ಲ

ದುಡಿಯುವ ಕುದುರೆ ಮತ್ತು ಕುರಿನಾಯಿಗಳ ತಳಿ ಉಳಿಯಬೇಕಾದರೆ ಅವುಗಳನ್ನು ಪ್ರದರ್ಶನದ ಮಾನದಂಡಕ್ಕೆ ಒಳಪಡಿಸಬೇಕೆಂಬ, ಈಚೆಗೆ ಪ್ರಕಟವಾದ ಲೇಖನದ ವಾದವು ರೋಗವನ್ನೇ ಮದ್ದೆಂದು ಭ್ರಮಿಸಿದೆ. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ 1893ರಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡುನಾಯಿ ಬಾರ್ಡರ್ ಕಾಲಿ ತಳಿಯ ಮೂಲವೆನಿಸಿದ್ದು, ತಲೆ ತಗ್ಗಿಸಿ, ಬೊಗಳದೆ, ಬರಿಯ ದಿಟ್ಟಿಯಿಂದಲೇ ಮಂದೆಯನ್ನು ತಿರುಗಿಸುವ, ಕುರಿಗಾರರು ‘ಕಣ್ಣು’ ಎಂದು ಕರೆಯುವ ಗುಣದಿಂದ. ಕುರಿಗಳಿಲ್ಲದ ಅಂಗಳದಲ್ಲಿ ನಿಂತ ನಾಯಿಯಲ್ಲಿ ಅದನ್ನು ಯಾವ ತೀರ್ಪುಗಾರನೂ ಅಳೆಯಲಾರ. ಅಮೆರಿಕದ ಕೆನಲ್ ಕ್ಲಬ್ 1995ರಲ್ಲಿ ಈ ತಳಿಗೆ ಮನ್ನಣೆ ನೀಡಿದಾಗ ತೀವ್ರವಾಗಿ ವಿರೋಧಿಸಿದವರು ನಾಯಿಗಳನ್ನು ದುಡಿಸುವವರೇ ಎಂಬುದನ್ನು ಲೇಖನ (ಅನುಕೂಲಕರವಾಗಿ) ಮರೆತಿದೆ. ಕುದುರೆಯ ಪ್ರಸಂಗವಂತೂ ಇನ್ನೂ ಕಹಿ: ಉಬ್ಬಿದ ಸ್ನಾಯುಗಳಿಗಾಗಿ ಬಹುಮಾನ ಪಡೆದ ‘ಇಂಪ್ರೆಸಿವ್’ ಎಂಬ ಕ್ವಾರ್ಟರ್ ಕುದುರೆಯ ಸಂತತಿಯಲ್ಲಿ, ರಕ್ತದ ಪೊಟ್ಯಾಸಿಯಂ ಏರಿ ಮೈ ನಡುಗಿ ಕುಸಿಯುವ ಆನುವಂಶಿಕ ರೋಗ ಹಬ್ಬಿತು, ಆ ದೋಷವನ್ನು ತಂದೆತಾಯಿ ಇಬ್ಬರಿಂದಲೂ ಪಡೆದ, 2007ರಿಂದೀಚೆಗೆ ಹುಟ್ಟಿದ ಮರಿಗಳಿಗೆ ತಳಿಸಂಘವೇ ನೋಂದಣಿ ನಿರಾಕರಿಸಬೇಕಾಯಿತು.