ಕಡಲಡಿಯ ಬರ್ಫ: ಖರ್ಚು ಯಾರದು, ಜೀವ ಯಾರದು?

ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತದೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದೆವು. ಕಲಿಸಿದ್ದು ಸುಳ್ಳಲ್ಲ; ಆದರೆ ಅರ್ಧ ಮಾತು. ಕಡಲಡಿಯ ಗ್ಯಾಸಿನ ಕೊಳವೆಯಲ್ಲಿ ಒತ್ತಡ ಬಲವಾಗಿದ್ದರೆ 15-20 ಡಿಗ್ರಿಯಲ್ಲಿಯೂ ಬರ್ಫದಂಥ ಗಡ್ಡೆ ಕಟ್ಟುತ್ತದೆ. ನೀರಿನ ಕಣಗಳು ಪಂಜರದಂತೆ ಹೆಣೆದುಕೊಂಡು ಮೀಥೇನನ್ನು ಒಳಗೆ ಸೆರೆಹಿಡಿಯುತ್ತವೆ. ಇದಕ್ಕೆ ಗ್ಯಾಸ್ ಹೈಡ್ರೇಟ್ ಎಂದು ಹೆಸರು. ಬೆಂಕಿ ತಾಗಿಸಿದರೆ ಈ ಬರ್ಫ ಉರಿಯುತ್ತದೆ!

ಬೈಲಹೊಂಗಲದ ಗಿರಣಿ ಕಾಮಗಾರನೂ ಸವದತ್ತಿಯ ಕಿರಾಣಿ ಅಂಗಡಿಯವನೂ ಕೇಳಬಹುದು: ಕಡಲೆಲ್ಲಿ, ನಾವೆಲ್ಲಿ? ಕೇಳಲಿ. ನಮ್ಮ ಮಲಪ್ರಭೆ ಕೃಷ್ಣೆಯನ್ನು ಕೂಡಿ ಯಾವ ಕಡಲಿಗೆ ಹೋಗುತ್ತಾಳೋ ಅಲ್ಲಿಯೇ ಕೃಷ್ಣಾ-ಗೋದಾವರಿ ಗ್ಯಾಸಿದೆ. ಕಡಲಡಿಯ ಖನಿಜ ಒಕ್ಕೂಟ ಸರಕಾರದ ಸ್ವತ್ತೆಂದು ಸಂವಿಧಾನದ 297ನೆಯ ಕಲಮು ಹೇಳುತ್ತದೆ. ಈ ಗ್ಯಾಸಿನ ಜಗಳದಲ್ಲಿ ಸುಪ್ರೀಂ ಕೋರ್ಟು 2010ರ ಮೇ 7ರಂದು ಅದನ್ನೇ ಎತ್ತಿಹಿಡಿಯಿತು. ಮಾಲು ಜನರದು, ಲೆಕ್ಕ ಕೇಳುವ ಹಕ್ಕೂ ಜನರದು.

ಹೈಡ್ರೇಟು ಕೊಳವೆ ಕಟ್ಟಿಸುತ್ತದೆಂದು 1934ರಲ್ಲಿಯೇ ಅಮೇರಿಕದ ಹ್ಯಾಮರ್‌ಶ್ಮಿಟ್ ಎಂಬವರು ತೋರಿಸಿಕೊಟ್ಟರು. ಮದ್ದೂ ಗೊತ್ತು: ಗ್ಯಾಸಿನಿಂದ ನೀರು ತೆಗೆಯಬೇಕು, ಕೊಳವೆ ತಣಿಯದಂತೆ ಹೊದಿಕೆ ಹಾಕಬೇಕು, ಮೆಥನಾಲ್ ಇಲ್ಲವೆ ಗ್ಲೈಕಾಲ್ ಬೆರೆಸಬೇಕು. ಗಡ್ಡೆ ಕಟ್ಟಿದ ಮೇಲೆ ಎರಡೂ ಕಡೆಯಿಂದ ನಿಧಾನವಾಗಿ ಒತ್ತಡ ಇಳಿಸಬೇಕು. ಅವಸರ ಮಾಡಿ ಒಂದೇ ಕಡೆ ಇಳಿಸಿದರೆ ಗಡ್ಡೆ ತೋಪಿನ ಗುಂಡಿನಂತೆ ಚಿಮ್ಮಿ ಕೊಳವೆಯನ್ನು ಸೀಳುತ್ತದೆ. ಹೀಗೆ ಕಾಮಗಾರರು ಸತ್ತದ್ದುಂಟು. ನಿಧಾನಿಸಿದರೆ ಧನಿಗೆ ನಷ್ಟ. ಅವಸರಿಸಿದರೆ ಕಾಮಗಾರನಿಗೆ ಮರಣ. ಇದನ್ನು ಆಕಸ್ಮಿಕವೆಂದು ಕರೆಯಬೇಕೆ?

2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ 11 ಮಂದಿ ಸತ್ತರು. ಎಣ್ಣೆ ಸೋರುವಲ್ಲಿ, ಸುಮಾರು 1,500 ಮೀಟರ್ ಆಳಕ್ಕೆ, ಮೇ ತಿಂಗಳಲ್ಲಿ ದೊಡ್ಡದೊಂದು ಉಕ್ಕಿನ ಮುಚ್ಚಳ ಇಳಿಸಿದರು. ಇದೇ ಬರ್ಫ ಕಟ್ಟಿ ಅದನ್ನು ಕೆಡಿಸಿತು. ಎಣ್ಣೆ ನಿಂತದ್ದು ಜುಲೈ 15ಕ್ಕೆ. 76 ವರ್ಷ ಹಳೆಯ ಪಾಠ ಇದು! ಆಳಕ್ಕಿಳಿಯಲು ಇದ್ದ ಆತುರ ಸಿದ್ಧತೆಗೆ ಇರಲಿಲ್ಲ.

ಈಗ ನಮ್ಮ ಕಡಲಿಗೆ ಬನ್ನಿ. ಕೃಷ್ಣಾ-ಗೋದಾವರಿ ಆಳಗಡಲಿನ ಗ್ಯಾಸು 2009ರಲ್ಲಿ ಹರಿಯತೊಡಗಿತು. ಆ ಕಾಲದ ಕರಾರಿನಂತೆ ಗುತ್ತಿಗೆದಾರ ತನ್ನ ಖರ್ಚನ್ನು ಮೊದಲು ಮುರಿದುಕೊಂಡು, ಉಳಿದ ಲಾಭದಲ್ಲಿ ಸರಕಾರಕ್ಕೆ ಪಾಲು ಕೊಡುತ್ತಾನೆ. ಇಂಥ ಖರ್ಚಿನ ಮೇಲೆ ಸರಕಾರದ ಹತೋಟಿ ಸಡಿಲವೆಂದು 2011ರಲ್ಲಿ ಮಹಾಲೇಖಪಾಲರೇ ಬರೆದರು. 2016ರ ಹೊಸ ನೀತಿಯಲ್ಲಿ ಆದಾಯವನ್ನೇ ಹಂಚಿಕೊಳ್ಳುವ ಪದ್ಧತಿ ಬಂತು. ಖರ್ಚು ಗುತ್ತಿಗೆದಾರನ ತಲೆಗೆ. ಒಳ್ಳೆಯದೇ. ಆದರೆ ಹಳೆಯದರಲ್ಲಿ ಖರ್ಚು ಉಬ್ಬಿಸುವ ಆಸೆಯಾದರೆ, ಹೊಸದರಲ್ಲಿ ಖರ್ಚು ಕೊರೆಯುವ ಆಸೆ. ಮೊದಲು ಕೊರೆಯುವುದು ಯಾವುದನ್ನು? ಕಣ್ಣಿಗೆ ಕಾಣದ ಗ್ಲೈಕಾಲನ್ನು, ಕಾವಲನ್ನು, ತಾಳ್ಮೆಯನ್ನು!

ನಮ್ಮ ಬೇಡಿಕೆ ಎರಡೇ. ಒಂದು, ಕೊಳವೆಯ ಸುರಕ್ಷತೆಗೆ ಏನು ಮಾಡಿದರು, ಎಷ್ಟು ವೆಚ್ಚವಾಯಿತು ಎಂಬ ಲೆಕ್ಕ ವರ್ಷ ವರ್ಷವೂ ಸಂಸತ್ತಿನ ಮುಂದೆ ಬರಲಿ. ಎರಡು, ಅಪಾಯ ಕಂಡಲ್ಲಿ “ನಿಲ್ಲಿಸಿ” ಎನ್ನುವ ಅಧಿಕಾರ ಸ್ಥಳದ ಕಾಮಗಾರನಿಗಿರಲಿ. ಹಾಗೆಂದವನ ಕೂಲಿ ಕತ್ತರಿಸಬಾರದು, ಕೆಲಸ ಕಸಿಯಬಾರದು.

ಇದು ತಜ್ಞರ ವಿಷಯ, ನೇಕಾರನಿಗೇನು ತಿಳಿದೀತು ಎನ್ನುವವರಿದ್ದಾರೆ. ಸಿಕ್ಕುಬಿದ್ದ ನೂಲನ್ನು ಅವಸರದಿಂದ ಜಗ್ಗಿದರೆ ಹರಿಯುತ್ತದೆಂದು ರಾಮದುರ್ಗದ ನೇಕಾರನಿಗೆ ಯಾವ ತಜ್ಞನೂ ಕಲಿಸಬೇಕಿಲ್ಲ. ಲೆಕ್ಕ ಕೇಳದೆ ಕಪ್ಪ ಕೊಡುವುದಂತೂ ಕಿತ್ತೂರಿನ ನೆಲದವರಿಗೆ ಬಂದ ಪಾಠವೇ ಅಲ್ಲ!