ಆಟ ಒಂದೇ, ಬೆಲೆ ದೇಶಕ್ಕೊಂದು



ಕಳೆದ ತಿಂಗಳು ಸಂಘದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ನನ್ನ ಬಳಿ ಬಂದರು. ಹುಡುಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಮುಖ ಬಾಡಿಹೋಗಿತ್ತು. ವಿಡಿಯೋ ಗೇಮ್ ಮಾರುವ ಒಂದು ಅಂತರಜಾಲ ಮಳಿಗೆಯಲ್ಲಿ ಅವನ ಖಾತೆಗೆ ಬೀಗ ಬಿದ್ದಿತ್ತು. 2022ರಲ್ಲಿ ಗೆಳೆಯನೊಬ್ಬ ಹೇಳಿಕೊಟ್ಟಂತೆ, ತಾನು ಟರ್ಕಿ ದೇಶದಲ್ಲಿದ್ದೇನೆ ಎಂದು ವಿಪಿಎನ್ ಮೂಲಕ ತೋರಿಸಿಕೊಂಡು, ಅಲ್ಲಿನ ಅಗ್ಗದ ಬೆಲೆಗೆ ಆಟಗಳನ್ನು ಕೊಳ್ಳುತ್ತ ಬಂದಿದ್ದ. ಪಾಕೆಟ್ ಮನಿ, ಅಜ್ಜಿ ಕೊಟ್ಟ ಹಬ್ಬದ ದುಡ್ಡು, ಟ್ಯೂಷನ್ ಹೇಳಿ ಗಳಿಸಿದ್ದು, ಎಲ್ಲವೂ ಆ ಬೀಗದೊಳಗೆ ಸೇರಿಹೋಗಿತ್ತು.

"ಹೇಳಿ ಅಣ್ಣಾ, ಇವ ಮಾಡಿದ್ದು ಕಳ್ಳತನವಾ ಅಲ್ಲವಾ?" ಎಂದು ತಂದೆ ಕೇಳಿದರು. ಮಗ ತಲೆ ಎತ್ತದೆ, "ದುಡ್ಡು ಕೊಟ್ಟೇ ತಗೊಂಡದ್ದಲ್ವಾ ಅಂಕಲ್?" ಎಂದ.

ನಾನು ಆಗಲೇ ಉತ್ತರ ಹೇಳಲಿಲ್ಲ. ಏಕೆಂದರೆ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು. ನಿಮ್ಮಲ್ಲಿ ಹಲವರು ಇದೇ ಉಪಾಯ ಮಾಡಿರಬಹುದು, ಅಥವಾ ಮಾಡಬೇಕೆಂದು ಯೋಚಿಸುತ್ತಿರಬಹುದು. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಬೆಲೆಯ ವಿಷಯ. 2020ರ ಡಿಸೆಂಬರ್‌ನಲ್ಲಿ 'ಸೈಬರ್‌ಪಂಕ್ 2077' ಎಂಬ ಆಟ ಬಿಡುಗಡೆಯಾಯಿತು. ಅಮೆರಿಕದಲ್ಲಿ ಅದರ ಬೆಲೆ 59.99 ಡಾಲರ್. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 4,400 ರೂಪಾಯಿ. ಆದರೆ ನಮ್ಮಲ್ಲಿ ಕಂಪ್ಯೂಟರ್‌ಗೆ ಅದೇ ಆಟ 2,999 ರೂಪಾಯಿಗೆ ಸಿಕ್ಕಿತು. ಆಟದಲ್ಲಿ ಒಂದು ಬೀದಿ ಕಡಿಮೆಯಿಲ್ಲ, ಒಂದು ಪಾತ್ರ ಕಡಿಮೆಯಿಲ್ಲ. ಹಾಗಾದರೆ ಮೂರನೇ ಒಂದು ಭಾಗದಷ್ಟು ಕಡಿಮೆ ಬೆಲೆಗೆ ಕೊಟ್ಟದ್ದು ಏಕೆ? ನಮ್ಮ ಮೇಲಿನ ಪ್ರೀತಿಯಿಂದಲೇ?

ಖಂಡಿತ ಅಲ್ಲ. ಒಂದು ಆಟವನ್ನು ಮಾಡಲು ನೂರಾರು ಜನ ವರ್ಷಗಟ್ಟಲೆ ದುಡಿಯಬೇಕು. ಆ ಖರ್ಚೆಲ್ಲ ಮೊದಲೇ ಆಗಿಹೋಗುತ್ತದೆ. ಆಮೇಲೆ ಇನ್ನೊಂದು ಪ್ರತಿಯನ್ನು ಮಾರಲು ತಗಲುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಿಯ ಮೂಟೆಯಾದರೆ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ ಅಂಗಡಿಯವನಿಗೆ ನಷ್ಟ. ಇಲ್ಲಿ ಹಾಗಲ್ಲ. 4,400 ಕೊಡಲಾಗದ ಮುಂಬಯಿಯ ಹುಡುಗ 2,999 ಕೊಟ್ಟರೆ ಅದು ಬಹುಮಟ್ಟಿಗೆ ಮೇಲಾದಾಯವೇ. ಬೇರೆ ಬೇರೆ ಗುಂಪಿನ ಗಿರಾಕಿಗಳಿಗೆ ಬೇರೆ ಬೇರೆ ಬೆಲೆ ಹೇಳುವ ಈ ಪದ್ಧತಿಯನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗು 1920ರಷ್ಟು ಹಿಂದೆಯೇ ವಿಂಗಡಿಸಿ ವಿವರಿಸಿದ್ದರು.

ನಮಗೂ ಇದು ಹೊಸತಲ್ಲ. ರಜೆಯಲ್ಲಿ ಹಂಪಿಗೆ ಹೋದವರು ಟಿಕೆಟ್ ಕೌಂಟರಿನ ಫಲಕ ನೋಡಿರುತ್ತೀರಿ. 2018ರಲ್ಲಿ ಪುರಾತತ್ವ ಇಲಾಖೆ ಅಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶೀಯರಿಗೆ 600 ರೂಪಾಯಿ ಎಂದು ದರ ನಿಗದಿ ಮಾಡಿತು. ಕಲ್ಲಿನ ರಥ ಇಬ್ಬರಿಗೂ ಒಂದೇ. ನಿಮ್ಮ ಕಾಲೇಜಿನ ಪಠ್ಯಪುಸ್ತಕಗಳನ್ನೇ ತೆಗೆದು ನೋಡಿ. ಅಮೆರಿಕದ ದೊಡ್ಡ ದೊಡ್ಡ ಲೇಖಕರ ಪುಸ್ತಕ ನಮ್ಮಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರ ರಕ್ಷಾಪುಟದಲ್ಲಿ, ಇದು ಭಾರತ ಮತ್ತು ನೆರೆಯ ಕೆಲವು ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಎಂಬ ಒಕ್ಕಣೆ ಇರುತ್ತದೆ.

ಈ ಅಗ್ಗದ ಬೆಲೆ ತಾನಾಗಿ ಬಂದದ್ದಲ್ಲ ಎಂಬುದನ್ನೂ ನೀವು ತಿಳಿದಿರಬೇಕು. ನಿಮ್ಮ ಅಣ್ಣಂದಿರ, ಚಿಕ್ಕಪ್ಪಂದಿರ ಕಾಲದಲ್ಲಿ ಆಟ ಬೇಕೆಂದರೆ ಲ್ಯಾಮಿಂಗ್ಟನ್ ರಸ್ತೆಯ ಬದಿಯಲ್ಲಿ ನಕಲಿ ಸಿ.ಡಿ. ಕೊಳ್ಳುವುದೇ ರೂಢಿಯಾಗಿತ್ತು. ಅಸಲಿ ಸಿಗುವುದು ಕಷ್ಟ, ಸಿಕ್ಕರೂ ಕೈಗೆಟಕುವಂತಿರಲಿಲ್ಲ. ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ 'ಸ್ಟೀಮ್' ಎಂಬ ಮಳಿಗೆಯನ್ನು ಆರಂಭಿಸಿತು. ಅದರ ಮುಖ್ಯಸ್ಥ ಗೇಬ್ ನೆವೆಲ್ 2011ರಲ್ಲಿ ಒಂದು ಮಾತು ಹೇಳಿದ್ದರು: ನಕಲಿಯ ಹಾವಳಿಗೆ ಕಾರಣ ಬೆಲೆಗಿಂತ ಹೆಚ್ಚಾಗಿ ಸೇವೆಯ ಕೊರತೆ. ನಕಲಿಗೆ ಹೆಸರಾಗಿದ್ದ ರಷ್ಯಾದಲ್ಲಿ ಒಳ್ಳೆಯ ಸೇವೆ ಕೊಟ್ಟಾಗ ಅದು ಯುರೋಪಿನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು ಎಂಬುದು ಅವರ ಅನುಭವವಾಗಿತ್ತು. ನಮ್ಮ ರೂಪಾಯಿಯಲ್ಲಿ ಬೆಲೆ ತೋರಿಸಲು ಸ್ಟೀಮ್ ಶುರುಮಾಡಿದ್ದು 2015ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ನಾವೂ ಡಾಲರ್‌ನಲ್ಲೇ ಕೊಡಬೇಕಿತ್ತು. ಇಂದು ಯುಪಿಐ ಮೂಲಕ ಚಹಾದ ದುಡ್ಡು ಕೊಟ್ಟಂತೆ ಆಟದ ದುಡ್ಡನ್ನೂ ಕೊಡುತ್ತೀರಿ.

ಆದರೆ ಎಲ್ಲಿ ಎರಡು ಬೆಲೆಗಳಿವೆಯೋ ಅಲ್ಲಿ ನಡುವೆ ಒಂದು ಗೋಡೆ ಬೇಕಾಗುತ್ತದೆ. ಗೋಡೆ ಇಲ್ಲದಿದ್ದರೆ ಎಲ್ಲರೂ ಅಗ್ಗದ ಬಾಗಿಲಿಗೇ ಬರುತ್ತಾರೆ.

ಇಲ್ಲಿ ಒಂದು ಸ್ವಾರಸ್ಯದ ಮೊಕದ್ದಮೆ ನೆನಪಾಗುತ್ತದೆ. ಥಾಯ್ಲೆಂಡಿನ ಸುಪಾಪ್ ಕಿರ್ತ್‌ಸೆಂಗ್ ಎಂಬ ವಿದ್ಯಾರ್ಥಿ ಅಮೆರಿಕದಲ್ಲಿ ಓದುತ್ತಿದ್ದ. ಊರಿನಲ್ಲಿ ಪಠ್ಯಪುಸ್ತಕ ಅಗ್ಗ ಎಂದು ಮನೆಯವರಿಂದ ತರಿಸಿ ಅಮೆರಿಕದಲ್ಲಿ ಮಾರತೊಡಗಿದ. ಪ್ರಕಾಶಕರಾದ ಜಾನ್ ವೈಲಿ ಸಂಸ್ಥೆಯವರು ದಾವೆ ಹೂಡಿದರು. 2013ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6ಕ್ಕೆ 3ರ ಬಹುಮತದಿಂದ ವಿದ್ಯಾರ್ಥಿಯ ಪರವಾಗಿ ತೀರ್ಪು ಕೊಟ್ಟಿತು. ನ್ಯಾಯವಾಗಿ ಕೊಂಡ ಪುಸ್ತಕ ಕೊಂಡವನದು, ಅದನ್ನು ಅವನು ಮತ್ತೆ ಮಾರಬಹುದು ಎಂಬುದು ತೀರ್ಪಿನ ಸಾರ.

"ಹಾಗಾದರೆ ನಮ್ಮ ಆಟಕ್ಕೂ ಅದೇ ನ್ಯಾಯವಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಪುಸ್ತಕವನ್ನು ಕೊಳ್ಳುತ್ತೀರಿ. ಇಂಥ ಮಳಿಗೆಯಲ್ಲಿ ಆಟವನ್ನು ಕೊಳ್ಳುವುದಿಲ್ಲ, ಆಡುವ ಪರವಾನಗಿಯನ್ನು ಪಡೆಯುತ್ತೀರಿ. ನಾವೆಲ್ಲ ಓದದೆ ಒಪ್ಪಿಗೆ ಒತ್ತುವ ಕರಾರಿನಲ್ಲಿ ಇದು ಸ್ಪಷ್ಟವಾಗಿದೆ. ಇದನ್ನು ಗಿರಾಕಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನನ್ನೇ ಮಾಡಿತು. ಅದು 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಬೇರೆ ಪ್ರದೇಶದ ಬೆಲೆಗೆ ಕೊಳ್ಳಲು ವಾಸಸ್ಥಳವನ್ನು ಮರೆಮಾಚಬಾರದು, ಮರೆಮಾಚಿದರೆ ಖಾತೆಯನ್ನು ಮುಚ್ಚಬಹುದು ಎಂದು ಸ್ಟೀಮ್‌ನ ಕರಾರಿನಲ್ಲೂ ಬರೆದಿದೆ.

ಹಾಗೆಂದು ಕಂಪನಿಗಳು ಕಟ್ಟುವ ಎಲ್ಲ ಗೋಡೆಗಳೂ ನ್ಯಾಯವಾದವು ಎಂದು ನಾನು ಹೇಳುವುದಿಲ್ಲ. ಪೋಲೆಂಡ್, ಹಂಗೆರಿ ಮುಂತಾದ ದೇಶಗಳಲ್ಲಿ ಮಾರಿದ ಕೆಲವು ಆಟಗಳು ಯುರೋಪಿನ ಉಳಿದ ದೇಶಗಳಲ್ಲಿ ನಡೆಯದಂತೆ ತಡೆಹಾಕಿದ್ದಕ್ಕಾಗಿ 2021ರ ಜನವರಿಯಲ್ಲಿ ಯುರೋಪಿಯನ್ ಆಯೋಗ ವಾಲ್ವ್ ಮತ್ತು ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯೂರೋ ದಂಡ ವಿಧಿಸಿತು. ಒಂದೇ ಮಾರುಕಟ್ಟೆ ಎಂದು ಒಪ್ಪಿಕೊಂಡ ದೇಶಗಳ ನಡುವೆ ಗೋಡೆ ಕೂಡದು ಎಂಬುದು ಅಲ್ಲಿನ ಕಾನೂನು. ಆದರೆ ಭಾರತಕ್ಕೂ ಟರ್ಕಿಗೂ ಅಂಥ ಒಪ್ಪಂದವೇನೂ ಇಲ್ಲವಲ್ಲ.

ಈಗ ಆ ಹುಡುಗನ ಟರ್ಕಿಗೆ ಬರೋಣ. ಟರ್ಕಿ ಮತ್ತು ಅರ್ಜೆಂಟೀನಾ, ಈ ಎರಡು ದೇಶಗಳ ಹಣದ ಮೌಲ್ಯ ಕುಸಿಯುತ್ತಲೇ ಇತ್ತು. 2022ರ ಅಕ್ಟೋಬರ್‌ನಲ್ಲಿ ಟರ್ಕಿಯ ಹಣದುಬ್ಬರ ಶೇಕಡಾ 85ನ್ನು ದಾಟಿತು. 2023ರಲ್ಲಿ ಅರ್ಜೆಂಟೀನಾದ್ದು ಶೇಕಡಾ 200ನ್ನೂ ಮೀರಿತು. ಲಿರಾದಲ್ಲಿ, ಪೆಸೊದಲ್ಲಿ ಒಮ್ಮೆ ಬರೆದಿಟ್ಟ ಬೆಲೆ ಡಾಲರ್ ಲೆಕ್ಕದಲ್ಲಿ ಇಳಿಯುತ್ತಲೇ ಹೋಗುತ್ತಿತ್ತು. ಇದನ್ನು ಕಂಡ ಬೇರೆ ದೇಶಗಳ ಜನ ಸುಳ್ಳು ವಿಳಾಸ ಹಿಡಿದುಕೊಂಡು ಅಲ್ಲಿಗೆ ನುಗ್ಗಿದರು. 2021ರಲ್ಲಿ ಸ್ಟೀಮ್, ಮೂರು ತಿಂಗಳಿಗೊಮ್ಮೆ ಮಾತ್ರ ದೇಶ ಬದಲಿಸಬಹುದು ಎಂದು ನಿಯಮ ಬಿಗಿಮಾಡಿತು. ಕೊನೆಗೆ 2023ರ ನವೆಂಬರ್ 20ರಂದು ಎರಡೂ ದೇಶಗಳಲ್ಲಿ ಸ್ಥಳೀಯ ಹಣದ ಬೆಲೆಗಳನ್ನು ತೆಗೆದುಹಾಕಿ ಡಾಲರ್ ಬೆಲೆಗಳನ್ನು ತಂದಿತು. ವಿನಿಮಯ ದರದ ಏರಿಳಿತದಿಂದ ಸರಿಯಾದ ಬೆಲೆ ಇಡಲು ಆಟ ತಯಾರಿಸುವವರಿಗೆ ಕಷ್ಟವಾಗುತ್ತಿದೆ ಎಂಬುದು ಕೊಟ್ಟ ಕಾರಣ. ಸುತ್ತಲಿನ ದೇಶಗಳಿಗೆಂದು ಬೇರೆಯದೇ, ಸ್ವಲ್ಪ ಕಡಿಮೆಯ ಡಾಲರ್ ದರಪಟ್ಟಿ ಮಾಡಿದರೂ, ಹಲವು ಆಟಗಳ ಬೆಲೆ ರಾತ್ರಿ ಬೆಳಗಾಗುವುದರಲ್ಲಿ ಹಲವು ಪಟ್ಟು ಏರಿತು.

ಈ ಪೆಟ್ಟು ಬಿದ್ದದ್ದು ಯಾರಿಗೆ? ಹೊರಗಿನಿಂದ ಹೋದವರು ತಮ್ಮ ದೇಶದ ಬೆಲೆಗೆ ಮರಳಿದರು, ಅಷ್ಟೇ. ಇಸ್ತಾಂಬುಲ್‌ನಲ್ಲೋ ಬ್ಯೂನಸ್ ಐರಿಸ್‌ನಲ್ಲೋ ನಿಮ್ಮದೇ ವಯಸ್ಸಿನ, ನಿಮ್ಮಂತೆಯೇ ಅಪ್ಪನಲ್ಲಿ ದುಡ್ಡು ಕೇಳುವ ಹುಡುಗನೊಬ್ಬ ಇದ್ದಾನಲ್ಲ, ಅವನಿಗೆ ಮರಳಲು ಬೇರೆ ಬೆಲೆಯೇ ಇರಲಿಲ್ಲ. ಮುಖ್ಯ ಕಾರಣ ಅವನ ದೇಶದ ಹಣದ ಕುಸಿತ, ನಿಜ. ಆದರೆ ಹೊರಗಿನವರ ನೂಕುನುಗ್ಗಲು ಅವನ ಪರವಾಗಿ ಮಾತಾಡುವವರ ಬಾಯಿ ಕಟ್ಟಿತು. ನಾಳೆ ಅಮೆರಿಕದವರು ಮುಂಬಯಿಯ ವಿಳಾಸ ಹಾಕಿಕೊಂಡು ನಮ್ಮ 2,999ರ ಬಾಗಿಲಿಗೆ ನುಗ್ಗಿದರೆ ಆ ಬಾಗಿಲು ಎಷ್ಟು ದಿನ ತೆರೆದಿರುತ್ತದೆ?

ಇನ್ನೊಂದು ಕಡೆ ಆಟ ಮಾಡುವವರಿದ್ದಾರೆ. ಅವರೆಲ್ಲ ಅಮೆರಿಕದ ಕೋಟ್ಯಧೀಶರಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡ 2020ರಲ್ಲಿ ನಮ್ಮ ಪುರಾಣಗಳ ಹಿನ್ನೆಲೆಯ 'ರಾಜಿ' ಎಂಬ ಆಟವನ್ನು ಹೊರತಂದಿತು. ಒಂದು ಲೆಕ್ಕ ಹಾಕೋಣ. ತೆರಿಗೆ ಸೇರಿ 1,000 ರೂಪಾಯಿಯ ಆಟವೆಂದರೆ, ಶೇಕಡಾ 18ರ ಜಿಎಸ್‌ಟಿ ಕಳೆದು ಉಳಿಯುವುದು 847. ಅದರಲ್ಲಿ ಮಳಿಗೆಯ ಪಾಲು ಸಾಮಾನ್ಯವಾಗಿ ಶೇಕಡಾ 30, ಅಂದರೆ 254. ಮಾಡಿದವರ ಕೈಗೆ ಬರುವುದು 593. ಅದೇ ಆಟವನ್ನು ನೀವು ಸುಳ್ಳು ವಿಳಾಸದಿಂದ 150 ರೂಪಾಯಿಗೆ ಕೊಂಡರೆ ಅವರಿಗೆ ಉಳಿಯುವುದು ಒಂದು ತಟ್ಟೆ ಊಟದ ದುಡ್ಡು.

ಹಾಗೆಂದು ನಿಮ್ಮ ದೂರು ಸುಳ್ಳಲ್ಲ. ತಿಂಗಳಿಗೆ 25,000 ರೂಪಾಯಿಯ ಮೊದಲ ಕೆಲಸ ಹಿಡಿದವನಿಗೆ 2,999 ಎಂದರೆ ಸಂಬಳದ ಎಂಟನೇ ಒಂದು ಪಾಲು. ಯಾವ ದೇಶದಲ್ಲಿ ಎಷ್ಟು ಬೆಲೆ ಇಡಬಹುದು ಎಂದು ವಾಲ್ವ್ ಸಲಹೆ ಕೊಡುತ್ತದೆ. 2022ರ ಅಕ್ಟೋಬರ್‌ನಲ್ಲಿ ಆ ಪಟ್ಟಿಯನ್ನು ಪರಿಷ್ಕರಿಸಿತು. ಆದರೆ ಕೊನೆಯ ಮಾತು ಪ್ರಕಾಶಕರದು. ಕೆಲವರು ಯೋಚಿಸಿ ಬೆಲೆ ಇಡುತ್ತಾರೆ, ಕೆಲವರು ಡಾಲರನ್ನು ಸೀದಾ ರೂಪಾಯಿಗೆ ಗುಣಿಸಿ ಕೈತೊಳೆದುಕೊಳ್ಳುತ್ತಾರೆ. ಅಂಥವರನ್ನು ಪ್ರಶ್ನಿಸುವ ಹಕ್ಕು ನಿಮಗಿದೆ. ಆದರೆ ಸುಳ್ಳು ವಿಳಾಸದಿಂದ ಕೊಂಡವನು ಬಾಯಿಬಿಟ್ಟು ಪ್ರಶ್ನಿಸುವಂತಿಲ್ಲ. ಅವನ ಖರೀದಿ ಟರ್ಕಿಯ ಲೆಕ್ಕಕ್ಕೆ ಹೋಗುತ್ತದೆ. ಭಾರತದಲ್ಲಿ ಗಿರಾಕಿಗಳೇ ಇಲ್ಲ ಎಂದು ಪ್ರಕಾಶಕ ತಿಳಿಯುತ್ತಾನೆ.

ಹಾಗಾದರೆ ಏನು ಮಾಡಬೇಕು? ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಕಾಯುವುದನ್ನು ಕಲಿಯಿರಿ. ಬಿಡುಗಡೆಯ ದಿನವೇ ಆಡಬೇಕೆಂಬ ಆತುರಕ್ಕೆ ತೆರುವ ಬೆಲೆ ಎಲ್ಲಕ್ಕಿಂತ ಹೆಚ್ಚು. ವರ್ಷದಲ್ಲಿ ಹಲವು ಬಾರಿ ರಿಯಾಯಿತಿ ಮಾರಾಟ ಬರುತ್ತದೆ. ಬೇಕಾದ ಆಟವನ್ನು ಪಟ್ಟಿಯಲ್ಲಿಟ್ಟರೆ ಬೆಲೆ ಇಳಿದಾಗ ಮಳಿಗೆಯೇ ತಿಳಿಸುತ್ತದೆ.

ಎರಡನೆಯದು, ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಈ ಸೌಲಭ್ಯ 2015ರಿಂದ ಇದೆ. ಹಿಡಿಸದ ಆಟವನ್ನು ಇಟ್ಟುಕೊಂಡು ಕೊರಗಬೇಡಿ.

ಮೂರನೆಯದು, ಯಾರೋ ಅಪರಿಚಿತರು ಅಗ್ಗವಾಗಿ ಮಾರುವ ಖಾತೆ, ಸಂಕೇತಾಕ್ಷರಗಳ ಹತ್ತಿರ ಸುಳಿಯಬೇಡಿ. ಅವು ಕದ್ದ ಕ್ರೆಡಿಟ್ ಕಾರ್ಡಿನಿಂದ ಬಂದಿರಬಹುದು. 'ಫ್ಯಾಕ್ಟೋರಿಯೊ' ಎಂಬ ಆಟದ 198 ಸಂಕೇತಗಳು ಹೀಗೆ ಕದ್ದವು ಎಂದು ಸಾಬೀತಾಗಿ, ಅವು ಮಾರಾಟವಾಗಿದ್ದ ತಾಣವೇ 2020ರಲ್ಲಿ ಅದರ ತಯಾರಕರಿಗೆ ಸುಮಾರು 40,000 ಡಾಲರ್ ಕೊಡಬೇಕಾಯಿತು.

ನಾಲ್ಕನೆಯದು, ಓದಿಗೋ ಕೆಲಸಕ್ಕೋ ವಿದೇಶಕ್ಕೆ ಹೋದರೆ ನಿಮ್ಮ ಖಾತೆಯ ದೇಶವನ್ನೂ ಬದಲಿಸಿಕೊಳ್ಳಿ. ಅಲ್ಲಿನ ಕಾರ್ಡಿನಿಂದ ಮೊದಲ ಖರೀದಿ ಮಾಡಿದರೆ ಆಯಿತು. ಅಲ್ಲಿ ಗಳಿಸಿ ಇಲ್ಲಿನ ಬೆಲೆ ಕೊಡುವ ಆಸೆ ಬೇಡ.

ಕೊನೆಗೆ ಆ ತಂದೆಮಗನ ಪ್ರಶ್ನೆ. ಮರುವಾರ ಅವರ ಮನೆಗೆ ಹೋಗಿ ನನಗೆ ತೋಚಿದ್ದನ್ನು ಹೇಳಿದೆ. ತಂದೆಗೆ ಹೇಳಿದೆ: "ಇದು ಕಳ್ಳತನವಲ್ಲ, ಇವನು ಕಳ್ಳನೂ ಅಲ್ಲ. ಮನೆಯಲ್ಲಿ ಆ ಮಾತು ಮತ್ತೆ ಎತ್ತಬೇಡಿ." ಮಗನಿಗೆ ಹೇಳಿದೆ: "ದುಡ್ಡು ಕೊಟ್ಟದ್ದು ನಿಜ ಮಗಾ. ಆದರೆ ಸುಳ್ಳು ಹೆಸರಿನ ಊರಿನಿಂದ ಕೊಟ್ಟೆ. ಅಲ್ಲಿನವನಿಗೆಂದು ಹಾಕಿದ ಎಲೆಯಲ್ಲಿ ನೀನು ಕೂತೆ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ನಡೆದದ್ದನ್ನು ಇದ್ದ ಹಾಗೆ ಬರೆದು ಮಳಿಗೆಗೆ ಕಳಿಸುತ್ತೇನೆ ಎಂದ. ನಾವಿಬ್ಬರೂ ಕುಳಿತು ಪತ್ರ ಬರೆದೆವು. ಈ ಅಂಕಣ ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ. ಬೀಗ ತೆಗೆಯುತ್ತಾರೋ ಇಲ್ಲವೋ, ನಾನು ಅವನಿಗೆ ಭರವಸೆ ಕೊಟ್ಟಿಲ್ಲ. ಹೊಸ ಖಾತೆ ಮಾತ್ರ ಅವನು ಆಗಲೇ ತೆರೆದಿದ್ದಾನೆ. ವಿಳಾಸದ ಜಾಗದಲ್ಲಿ ಡೊಂಬಿವಲಿ ಎಂದೇ ಬರೆದಿದ್ದಾನೆ.

ನಿಮ್ಮ ಅನುಭವಗಳನ್ನೂ ಬರೆದು ಕಳಿಸಿ. ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ, ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.